ಜೀತ ಹೋದ ಮೇಲೂ ರಷ್ಯಾದ ರೈತರು ದಂಗೆ ಎದ್ದಿದ್ದು ಯಾಕೆ?

ಪ್ರಶ್ನೆ: 1861ರಲ್ಲಿ ತ್ಸಾರ್ ಎರಡನೇ ಅಲೆಕ್ಸಾಂಡರ್ ರಷ್ಯಾದ ರೈತರನ್ನು ಜೀತದಿಂದ ಬಿಡಿಸಿದ ಅಂತ ಶಾಲೆಯಲ್ಲಿ ಓದಿದ್ದೇವೆ. ಜಮೀನೂ ಕೊಟ್ಟ ಅಂತಾರೆ. ಹಾಗಿದ್ದರೆ 1905ರಲ್ಲಿ, ಮತ್ತೆ 1917ರಲ್ಲಿ ಅದೇ ರೈತರು ಜಮೀನ್ದಾರರ ಮನೆಗಳಿಗೆ ಬೆಂಕಿ ಇಟ್ಟಿದ್ದು ಯಾಕೆ? ಬೋಲ್ಶೆವಿಕರು ಕೆರಳಿಸಿದ್ದಕ್ಕೆ ಹಾಗಾಯ್ತಾ?

ಉತ್ತರ: "ಜಮೀನೂ ಕೊಟ್ಟ" ಅನ್ನುವ ಮಾತಿನಿಂದಲೇ ಶುರು ಮಾಡೋಣ. ತ್ಸಾರ್ ಜಮೀನು ಕೊಡಲಿಲ್ಲ, ಮಾರಿಸಿದ. ಸಾಲ ಕೊಟ್ಟು ಮಾರಿಸಿದ, ಅದೂ ಮಾರುಕಟ್ಟೆ ಬೆಲೆಗಿಂತ ಜಾಸ್ತಿ ದರಕ್ಕೆ, 49 ವರ್ಷದ ಕಂತು ಹಾಕಿ. ಆ ಸಾಲಕ್ಕೆ ಇಡೀ ಊರನ್ನೇ ಜಾಮೀನು ನಿಲ್ಲಿಸಿದ. ಆದರೆ ಆ ಹೊಲ ತಲೆತಲಾಂತರದಿಂದ ತಮ್ಮದೇ ಅಂತ ರೈತರು ನಂಬಿದ್ದರು. ತಮ್ಮದನ್ನೇ ತಾವು ದುಡ್ಡು ಕೊಟ್ಟು ಕೊಳ್ಳಬೇಕಾಗಿ ಬಂತು ಅನ್ನುವ ಸಿಟ್ಟು ಎರಡು ತಲೆಮಾರು ಆರಲಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗಬೇಕು. ರಷ್ಯಾದ ರೈತ ಮೊದಲಿಂದಲೂ ಜೀತದಲ್ಲಿದ್ದವನಲ್ಲ. 1497ರ ಕಾನೂನಿನಂತೆ ವರ್ಷಕ್ಕೊಮ್ಮೆ, ನವೆಂಬರ್ 26ರ ಸಂತ ಯೂರಿಯ ಹಬ್ಬದ ಆಚೀಚೆ ಒಂದೊಂದು ವಾರ, ಬಾಕಿ ತೀರಿಸಿ ಬೇರೆ ಒಡೆಯನ ಜಮೀನಿಗೆ ಹೋಗಬಹುದಿತ್ತು. 16ನೇ ಶತಮಾನದ ಕೊನೆಗೆ ಅದನ್ನು ನಿಲ್ಲಿಸಿದರು. 1649ರ ಕಾನೂನು ಬಂದ ಮೇಲಂತೂ ಓಡಿಹೋದವನನ್ನು ಎಷ್ಟು ವರ್ಷ ಕಳೆದಿದ್ದರೂ ಹೆಂಡತಿ ಮಕ್ಕಳ ಸಮೇತ ಹಿಡಿದು ತರಬಹುದಿತ್ತು. ಯಾಕೆ ಹೀಗೆ ಕಟ್ಟಿಹಾಕಿದರು? ರಷ್ಯಾದಲ್ಲಿ ಭೂಮಿಗೆ ಬರ ಇರಲಿಲ್ಲ, ಉಳುವ ಕೈಗಳಿಗೆ ಬರ. ಕುಲೀನರು ಸೈನ್ಯದಲ್ಲಿ ದುಡಿಯುತ್ತಿದ್ದರು, ಖಜಾನೆಯಲ್ಲಿ ದುಡ್ಡಿಲ್ಲದ ತ್ಸಾರ್ ಅವರಿಗೆ ಜಮೀನು ಕೊಡುತ್ತಿದ್ದ. ಉಳುವವರಿಲ್ಲದ ಜಮೀನು ಇಟ್ಟುಕೊಂಡು ಅವರು ಮಾಡೋದೇನು?

ರೈತರ ದೃಷ್ಟಿಯಲ್ಲಿ ಇದಕ್ಕೊಂದು ಲೆಕ್ಕ ಇತ್ತು. ಒಡೆಯ ತ್ಸಾರ್‌ಗೆ ದುಡಿಯುತ್ತಾನೆ, ನಾವು ಒಡೆಯನಿಗೆ ದುಡಿಯುತ್ತೇವೆ. ಆದರೆ 1762ರಲ್ಲಿ ಮೂರನೇ ಪೀಟರ್ ಕುಲೀನರನ್ನು ಕಡ್ಡಾಯ ಸೇವೆಯಿಂದ ಬಿಡಿಸಿದ. ಹಾಗಿದ್ದರೆ ಮುಂದಿನ ಸರದಿ ನಮ್ಮದು ಅಂತ ಹಳ್ಳಿಗಳು ಕಾದವು. ಆ ಸರದಿ ಬಂದಿದ್ದು 99 ವರ್ಷ ಆದ ಮೇಲೆ. ನಡುವೆ 1773ರಿಂದ 1775ರವರೆಗೆ ಪುಗಚೇವ್ ಎಂಬ ಕೊಸ್ಸಾಕ್ (ಗಡಿ ಸೀಮೆಯ ಕುದುರೆ ಸವಾರ ಯೋಧ) ತಾನೇ ಮೂರನೇ ಪೀಟರ್ ಅಂತ ಹೇಳಿಕೊಂಡು ವೋಲ್ಗಾ ನದಿಯ ಸೀಮೆಯನ್ನೆಲ್ಲ ಅಲ್ಲಾಡಿಸಿದ. ಆಗಲೇ ತೀರಿಕೊಂಡಿದ್ದ ಆ ತ್ಸಾರ್‌ನ ಹೆಸರನ್ನೇ ಅವನು ಯಾಕೆ ಆರಿಸಿಕೊಂಡ ಅನ್ನೋದು ಈಗ ಗೊತ್ತಾಯ್ತಲ್ವಾ?

ಜೀತ ಎರಡು ಥರ ಇತ್ತು. ಒಂದು ಬಾರ್ಶ್ಚಿನ: ಒಡೆಯನ ಹೊಲದಲ್ಲಿ ವಾರಕ್ಕೆ ಇಷ್ಟು ದಿನ ಬಿಟ್ಟಿ ದುಡಿಮೆ. ಮೂರು ದಿನ ಸಾಕು ಅಂತ 1797ರಲ್ಲಿ ತ್ಸಾರ್ ಪಾವೆಲ್ ಆಜ್ಞೆ ಹೊರಡಿಸಿದ, ಆದರೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳದ ಜಮೀನ್ದಾರರೇ ಬಹಳ. ಇನ್ನೊಂದು ಒಬ್ರೋಕ್: ವರ್ಷಕ್ಕೆ ಇಷ್ಟು ದುಡ್ಡು ಅಥವಾ ಮಾಲು ಕಟ್ಟಿ, ಉಳಿದಂತೆ ನಿಮ್ಮ ಪಾಡು ನಿಮಗೆ. ಉತ್ತರದ ಚಳಿ ಸೀಮೆಯಲ್ಲಿ ಮಣ್ಣು ಬಡವು, ಹಾಗಾಗಿ ಅಲ್ಲಿನ ಗಂಡಸರು ಊರೂರಿಗೆ ಹೋಗಿ ಬಡಗಿ ಕೆಲಸ, ನೇಯ್ಗೆ, ವ್ಯಾಪಾರ ಮಾಡಿ ಒಬ್ರೋಕ್ ಕಟ್ಟುತ್ತಿದ್ದರು. ಇವಾನೊವೊ ಊರಿನಲ್ಲಿ ಶೆರೆಮೆತ್ಯೆವ್ ಮನೆತನದ ಜೀತದಾಳುಗಳೇ ಬಟ್ಟೆ ಗಿರಣಿ ನಡೆಸುತ್ತಿದ್ದರು, ಅವರಲ್ಲಿ ಕೆಲವರು ಭಾರೀ ಶ್ರೀಮಂತರು. ಆದರೂ ಕಾನೂನಿನ ಕಣ್ಣಿಗೆ ಆ ಗಿರಣಿ ಒಡೆಯನದು, ಅವರೂ ಒಡೆಯನ ಆಸ್ತಿ.

ಆಸ್ತಿ ಅಂದೆನಲ್ಲ, ಅಕ್ಷರಶಃ ಹಾಗೆ. ಕುಲೀನನ ಶ್ರೀಮಂತಿಕೆಯನ್ನು ಎಷ್ಟು ಗಂಡು ತಲೆ ಅನ್ನುವುದರಲ್ಲಿ ಅಳೆಯುತ್ತಿದ್ದರು. ಆ ತಲೆಗಳನ್ನು ಬ್ಯಾಂಕಿನಲ್ಲಿ ಅಡವಿಡಬಹುದಿತ್ತು. 1859ರ ಹೊತ್ತಿಗೆ ಖಾಸಗಿ ಜೀತದಾಳುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸರ್ಕಾರಿ ಬ್ಯಾಂಕುಗಳಲ್ಲಿ ಅಡವು. ಈ ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಈ ಕಥೆಗೆಲ್ಲ ಬೀಗದ ಕೈಯಂತಿರುವ ಒಂದು ಪ್ರಸಂಗ ಹೇಳುತ್ತೇನೆ. 1819ರ ಸುಮಾರಿಗೆ ಸ್ಮೊಲೆನ್ಸ್ಕ್ ಸೀಮೆಯ ಇವಾನ್ ಯಾಕುಶ್ಕಿನ್ ಎಂಬ ತರುಣ ಜಮೀನ್ದಾರ, ಮುಂದೆ 1825ರಲ್ಲಿ ತ್ಸಾರ್ ವಿರುದ್ಧ ಎದ್ದ ಡಿಸೆಂಬರ್ ದಂಗೆಯವರ ಜತೆ ಶಿಕ್ಷೆಗೆ ಗುರಿಯಾದವನು, ತನ್ನ ರೈತರನ್ನು ಬಿಡುಗಡೆ ಮಾಡಲು ಹೊರಟ. ಅವನ ಮನಸ್ಸು ಒಳ್ಳೆಯದು. ಮನೆ, ಹಿತ್ತಲು, ದನಕರು, ಮೇಯಿಸುವ ಜಾಗ ನಿಮಗೆ, ಉಳುವ ಹೊಲ ಮಾತ್ರ ನನ್ನದು, ಬೇಕಾದರೆ ಗೇಣಿಗೆ ಮಾಡಿ ಅಂದ. ರೈತರು ಕೇಳಿಸಿಕೊಂಡರು. ಹೊಲ ಯಾರದು ಅಂತ ಮತ್ತೊಮ್ಮೆ ಕೇಳಿದರು. ನನ್ನದೇ ಅಂದ. ಹಾಗಿದ್ದರೆ ಬೇಡಪ್ಪಾ, ಮೊದಲಿನ ಹಾಗೇ ಇರಲಿ ಅಂದರು. ನಾವು ನಿಮ್ಮವರು, ಭೂಮಿ ನಮ್ಮದು! ಅವನು ಎಷ್ಟು ಬಿಡಿಸಿ ಹೇಳಿದರೂ ಅವರು ಒಪ್ಪಲಿಲ್ಲ. ಉತ್ತವನದ್ದೇ ಭೂಮಿ, ಒಡೆಯನದ್ದು ನಮ್ಮ ಮೈ ಮೇಲಿನ ಹಕ್ಕು ಮಾತ್ರ, ಆ ಹಕ್ಕು ಹೋದ ದಿನ ಅವನೂ ಹೋಗಬೇಕು. ಅವರ ತರ್ಕ ಇದು. 1861ರ ಕಾನೂನು ಬರೆದ ಪೀಟರ್ಸ್‌ಬರ್ಗಿನ ಅಧಿಕಾರಿಗಳ ತರ್ಕ ಇದಕ್ಕೆ ಪೂರ್ತಿ ಉಲ್ಟಾ.

ತ್ಸಾರ್ ಜೀತ ತೆಗೆದಿದ್ದು ಯಾಕೆ ಅನ್ನೋದನ್ನು ಬೇಗ ಮುಗಿಸುತ್ತೇನೆ. 1853ರಿಂದ 56ರವರೆಗೆ ನಡೆದ ಕ್ರಿಮಿಯಾ ಯುದ್ಧದಲ್ಲಿ ರಷ್ಯಾ ತನ್ನ ನೆಲದಲ್ಲೇ ಸೋತಿತು. ಜೀತದಾಳುಗಳನ್ನು ದಶಕಗಟ್ಟಲೆ ಸೈನ್ಯದಲ್ಲಿ ಕೂಡಿಹಾಕುವ ಹಳೇ ಪದ್ಧತಿಯಿಂದ ಹೊಸ ಕಾಲದ ಸೈನ್ಯ ಕಟ್ಟಲು ಆಗುವುದಿಲ್ಲ ಅಂತ ಗೊತ್ತಾಯ್ತು. ಕೆಳಗಿನಿಂದ ತಾನಾಗಿ ಹೋಗುವುದಕ್ಕೆ ಮೊದಲು ಮೇಲಿನಿಂದ ನಾವೇ ತೆಗೆಯುವುದು ಮೇಲು ಅಂತ 1856ರಲ್ಲಿ ಮಾಸ್ಕೋದ ಕುಲೀನರಿಗೆ ಅಲೆಕ್ಸಾಂಡರ್ ಹೇಳಿದ. ಐದು ವರ್ಷ ಸಮಿತಿಗಳು ಕೂತವು. 1861ರ ಫೆಬ್ರವರಿ 19ಕ್ಕೆ, ನಮ್ಮ ಕ್ಯಾಲೆಂಡರಿನಲ್ಲಿ ಮಾರ್ಚ್ 3ಕ್ಕೆ, ಸಹಿ ಬಿತ್ತು. ಸುಮಾರು 2.3 ಕೋಟಿ ಜನ ಕಾಗದದ ಮೇಲೆ ಸ್ವತಂತ್ರರಾದರು. ಮದುವೆ ಆಗಬಹುದು, ವ್ಯಾಪಾರ ಮಾಡಬಹುದು, ಅವರನ್ನು ಇನ್ನು ಯಾರೂ ಮಾರುವಂತಿಲ್ಲ. ಇದು ಸಣ್ಣ ವಿಷಯ ಅಲ್ಲ, ನಾನು ಇದನ್ನು ಹಗುರ ಮಾಡುವುದಿಲ್ಲ.

ಆದರೆ ಜಮೀನಿನ ಲೆಕ್ಕ ನೋಡಿ. ಒಬ್ಬ ರೈತ ವರ್ಷಕ್ಕೆ 6 ರೂಬಲ್ ಒಬ್ರೋಕ್ ಕಟ್ಟುತ್ತಿದ್ದ ಅಂದುಕೊಳ್ಳಿ. ಆ 6 ರೂಬಲನ್ನು ನೂರಕ್ಕೆ 6ರ ಬಡ್ಡಿ ಅಂತ ಹಿಡಿದರು. ಹಾಗಾಗಿ ಜಮೀನಿನ ಬೆಲೆ 100 ರೂಬಲ್. ಇದರಲ್ಲಿ 80 ರೂಬಲನ್ನು ಸರ್ಕಾರ ಬಾಂಡುಗಳ ರೂಪದಲ್ಲಿ ಜಮೀನ್ದಾರನಿಗೆ ಕೊಟ್ಟಿತು, ಉಳಿದ 20ನ್ನು ರೈತ ನೇರವಾಗಿ ಒಡೆಯನಿಗೆ ಕೊಡಬೇಕು. ಒಡೆಯ ತಾನಾಗಿ ಮಾರಾಟಕ್ಕೆ ಒತ್ತಾಯ ಮಾಡಿದರೆ ಮಾತ್ರ ಆ 20 ಮಾಫಿ. ಸರ್ಕಾರ ಕೊಟ್ಟ 80 ರೂಬಲ್ ಈಗ ರೈತನ ತಲೆ ಮೇಲಿನ ಸಾಲ. ವರ್ಷಕ್ಕೆ ನೂರಕ್ಕೆ 6ರಂತೆ 4 ರೂಬಲ್ 80 ಕೊಪೆಕ್, 49 ವರ್ಷ. ಗುಣಿಸಿದರೆ 235 ರೂಬಲ್ 20 ಕೊಪೆಕ್ ಆಗುತ್ತದೆ. ವರ್ಷದ ಕಂತು ಹಳೇ ಒಬ್ರೋಕ್‌ಗಿಂತ ಸ್ವಲ್ಪ ಕಡಿಮೆಯೇ, ಒಪ್ಪೋಣ. ಆದರೆ ಇದು ಮಗ ಮೊಮ್ಮಗನ ಕಾಲಕ್ಕೂ ತೀರದ ಕಂತು.

ಇನ್ನೊಂದು ಅನ್ಯಾಯ ಈ ಲೆಕ್ಕದ ಒಳಗೇ ಇದೆ. ಉತ್ತರದ ರೈತ ಕಟ್ಟುತ್ತಿದ್ದ ಒಬ್ರೋಕ್ ಜಮೀನಿನ ಹುಟ್ಟುವಳಿ ಆಗಿರಲಿಲ್ಲ, ಊರಾಚೆ ಕೂಲಿ ಮಾಡಿದ ದುಡ್ಡು. ಅದನ್ನೇ ಜಮೀನಿನ ಬಡ್ಡಿ ಅಂತ ಹಿಡಿದು ಬೆಲೆ ಕಟ್ಟಿದರೆ ರೈತ ತನ್ನ ಮೈಯನ್ನೇ ಕೊಂಡುಕೊಂಡ ಹಾಗೆ ಆಯಿತು. ಮನುಷ್ಯರ ಬಿಡುಗಡೆಗೆ ಒಂದು ಕೊಪೆಕ್ಕೂ ತೆಗೆದುಕೊಳ್ಳುವುದಿಲ್ಲ ಅಂತ ಕಾನೂನು ಹೇಳಿತ್ತು, ಆದರೆ ಜಮೀನಿನ ಬೆಲೆಯಲ್ಲಿ ಅದನ್ನು ಸೇರಿಸಿಬಿಟ್ಟರು. ಆ ಸೀಮೆಗಳಲ್ಲಿ ರೈತರು ಹೊತ್ತ ಬೆಲೆ ಮಾರುಕಟ್ಟೆ ದರದ ಎರಡು ಪಟ್ಟಿನಷ್ಟಿತ್ತು. ಒಟ್ಟಾರೆ ತೆಗೆದುಕೊಂಡರೆ ಸುಮಾರು 54 ಕೋಟಿ ರೂಬಲ್ ಬಾಳುವ ಜಮೀನಿಗೆ ಹಾಕಿದ ಸಾಲ 86 ಕೋಟಿಗೂ ಜಾಸ್ತಿ. 1907ಕ್ಕೆ ಎಲ್ಲ ನಿಂತಾಗ ರೈತರು ಕಟ್ಟಿದ್ದು 150 ಕೋಟಿ ದಾಟಿತ್ತು.

ಜಮೀನ್ದಾರರಾದರೂ ಉದ್ಧಾರ ಆದರಾ? ಅವರ ಅಡವು ಸಾಲ ನೆನಪಿದೆಯಲ್ಲ, ಸರ್ಕಾರ ಅದನ್ನು ಮುರಿದುಕೊಂಡು ಉಳಿದದ್ದನ್ನು ಕೊಟ್ಟಿತು. ಕೊಟ್ಟ ಬಾಂಡುಗಳ ಬೆಲೆಯೂ ಬಿತ್ತು. ಎಷ್ಟೋ ಮನೆತನಗಳು ತುಂಡು ತುಂಡಾಗಿ ಜಮೀನು ಮಾರುತ್ತಾ ಹೋದವು. 1877ರಲ್ಲಿ ಕುಲೀನರ ಕೈಯಲ್ಲಿ ಸುಮಾರು 7.3 ಕೋಟಿ ದೆಸ್ಯಾತಿನ ಇತ್ತು, 1905ಕ್ಕೆ 5.3 ಕೋಟಿ. ಒಂದು ದೆಸ್ಯಾತಿನ ಅಂದರೆ ಸುಮಾರು 2.7 ಎಕರೆ.

ರೈತರ ಮನಸ್ಸಿಗೆ ದುಡ್ಡಿಗಿಂತ ಹೆಚ್ಚು ನಾಟಿದ್ದು ಕತ್ತರಿಸಿಕೊಂಡ ಹೊಲ. ಜೀತದ ಕಾಲದಲ್ಲಿ ಅವರು ತಮಗಾಗಿ ಉಳುತ್ತಿದ್ದ ಜಮೀನು ಗೊತ್ತುಮಾಡಿದ ಮಿತಿಗಿಂತ ಜಾಸ್ತಿ ಇದ್ದರೆ ಹೆಚ್ಚಿನದನ್ನು ಒಡೆಯ ಕತ್ತರಿಸಿಕೊಳ್ಳಬಹುದಿತ್ತು. ಇದಕ್ಕೆ ಒತ್ರೆಸ್ಕಿ ಅಂತ ಹೆಸರು. ಒಟ್ಟು ಸುಮಾರು ಐದನೇ ಒಂದು ಭಾಗ ಹೀಗೆ ಹೋಯಿತು, ಕಪ್ಪು ಮಣ್ಣಿನ ಫಲವತ್ತಾದ ಸೀಮೆಗಳಲ್ಲಿ ಇನ್ನೂ ಜಾಸ್ತಿ. ಕತ್ತರಿಸಿದ್ದು ಯಾವ ಜಾಗ? ಹೊಳೆ ಪಕ್ಕದ ಹುಲ್ಲುಗಾವಲು, ದನ ನೀರಿಗೆ ಹೋಗುವ ದಾರಿ, ಸೌದೆಯ ಕಾಡು. ಊರಿನ ಹೊಲಕ್ಕೂ ನೀರಿಗೂ ನಡುವೆ ಒಡೆಯನ ಒಂದು ಪಟ್ಟಿ ನಿಂತರೆ ಸಾಕು, ಹಸು ಆ ಕಡೆ ಕಾಲಿಟ್ಟರೆ ದಂಡ. ದಂಡ ಬೇಡ ಅಂದರೆ ಒಡೆಯನ ಗೋಧಿ ಕೊಯ್ದುಕೊಡಬೇಕು. ಬಾರ್ಶ್ಚಿನ ಕಾನೂನಿನಿಂದ ಹೋಯಿತು, ಹುಲ್ಲಿನ ದಾರಿಯಲ್ಲಿ ವಾಪಸ್ ಬಂತು. ಮನೆಗೆಲಸದ ಜೀತದವರಿಗಂತೂ, ಸುಮಾರು 15 ಲಕ್ಷ ಜನ, ಒಂದು ಗುಂಟೆಯೂ ಸಿಗಲಿಲ್ಲ. ಕಂತೇ ಬೇಡ ಅಂದವರಿಗೆ ಗರಿಷ್ಠ ಮಿತಿಯ ಕಾಲು ಭಾಗ ಪುಕ್ಕಟೆ ಕೊಟ್ಟರು, ಅದರಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲ.

ಇದು ನಿಜವಾದ ಬಿಡುಗಡೆ ಅಲ್ಲ, ತ್ಸಾರ್ ಬರೆದ ನಿಜವಾದ ಕಾಗದವನ್ನು ಕುಲೀನರು ಬಚ್ಚಿಟ್ಟಿದ್ದಾರೆ ಅಂತ ಹಳ್ಳಿಗಳಲ್ಲಿ ಸುದ್ದಿ ಹಬ್ಬಿತು. 1861ರ ಏಪ್ರಿಲ್‌ನಲ್ಲಿ ಕಜಾನ್ ಸೀಮೆಯ ಬೆಜ್ದ್ನಾ ಹಳ್ಳಿಯಲ್ಲಿ ಅಂತೋನ್ ಪೆತ್ರೋವ್ ಎಂಬ ರೈತ, ಅಷ್ಟಿಷ್ಟು ಓದು ಬಲ್ಲವನು, ಆ ದಪ್ಪ ಕಾನೂನು ಪುಸ್ತಕವನ್ನು ತಡಕಾಡಿ ಭೂಮಿಯೆಲ್ಲ ನಮ್ಮದು ಅಂತ ಇದರಲ್ಲೇ ಇದೆ ಎಂದು ಸಾರಿದ. ಸುತ್ತಲಿನ ಊರುಗಳಿಂದ ಸಾವಿರಾರು ಜನ ಬಂದು ಅವನ ಮನೆ ಸುತ್ತ ಕೋಟೆ ಕಟ್ಟಿದಂತೆ ನಿಂತರು. ಅವನನ್ನು ಒಪ್ಪಿಸಲಿಲ್ಲ. ಸೈನಿಕರು ಗುಂಡು ಹಾರಿಸಿದರು, ಸರ್ಕಾರದ ಲೆಕ್ಕದಲ್ಲೇ 50ಕ್ಕಿಂತ ಹೆಚ್ಚು ಹೆಣ ಬಿದ್ದವು. ಕೊನೆಗೆ ಪೆತ್ರೋವ್ ಹೊರಗೆ ಬಂದ, ಆ ಕಾನೂನು ಪುಸ್ತಕವನ್ನು ತಲೆ ಮೇಲೆ ಹೊತ್ತುಕೊಂಡು. ಒಂದು ವಾರದೊಳಗೆ ಅವನನ್ನು ಗುಂಡಿಕ್ಕಿ ಕೊಂದರು. ಆ ಪುಸ್ತಕದ ಮೇಲೆ ಅವನಿಗೆ ಎಂಥ ನಂಬಿಕೆ ಇತ್ತು ನೋಡಿ.

ಇನ್ನು ಊರಿನ ಜಾಮೀನಿನ ವಿಷಯ. ಜಮೀನು ಒಬ್ಬೊಬ್ಬ ರೈತನ ಹೆಸರಿಗೆ ಆಗಲಿಲ್ಲ, ಬಹುಪಾಲು ಕಡೆ ಮೀರ್ ಅನ್ನುವ ಊರ ಸಮುದಾಯಕ್ಕೆ ಹೋಯಿತು. ಕಂತೂ ತೆರಿಗೆಯೂ ಒಟ್ಟು ಊರಿನ ಮೇಲೆ. ಒಬ್ಬ ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಈಗ ಊರಿನವರು ಯಾರನ್ನಾದರೂ ಸುಮ್ನೆ ಪಟ್ಟಣಕ್ಕೆ ಬಿಟ್ಟುಬಿಡುತ್ತಾರಾ? ಹೋಗಬೇಕಾದರೆ ಪಾಸ್‌ಪೋರ್ಟ್ ಬೇಕು, ಅದಕ್ಕೆ ಊರ ಹಿರಿಯರ ಒಪ್ಪಿಗೆ ಬೇಕು, ಹೋದ ಮೇಲೂ ಮನೆಗೆ ದುಡ್ಡು ಕಳಿಸುತ್ತಿರಬೇಕು. ಒಡೆಯನ ಕೈಯಲ್ಲಿದ್ದ ಹಗ್ಗ ಊರಿನ ಕೈಗೆ ಬಂತು. ಈ ಒಟ್ಟು ಹೊಣೆಯನ್ನು ತೆಗೆದಿದ್ದು 1903ರಲ್ಲಿ, ಊರ ನ್ಯಾಯಾಲಯಗಳ ಛಡಿ ಏಟು ನಿಂತಿದ್ದು 1904ರಲ್ಲಿ.

ಹಾಗಂತ ರೈತರು ಮೀರ್ ಅನ್ನು ದ್ವೇಷಿಸುತ್ತಿದ್ದರು ಅಂದುಕೊಳ್ಳಬೇಡಿ. ಅದು ಅವರ ನ್ಯಾಯದ ಕಲ್ಪನೆಯೇ. ಕೆಲವು ವರ್ಷಗಳಿಗೊಮ್ಮೆ ಹೊಲವನ್ನು ಮತ್ತೆ ಹಂಚುತ್ತಿದ್ದರು, ಜಾಸ್ತಿ ಗಂಡಾಳು ಅಥವಾ ಜಾಸ್ತಿ ಬಾಯಿ ಇರುವ ಮನೆಗೆ ಜಾಸ್ತಿ ಪಾಲು. ಒಳ್ಳೆ ಮಣ್ಣು, ಕೆಟ್ಟ ಮಣ್ಣು, ದೂರದ್ದು, ಹತ್ತಿರದ್ದು ಎಲ್ಲರಿಗೂ ಸಮ ಬರಲಿ ಅಂತ ಪ್ರತಿ ತಾಕನ್ನೂ ಪಟ್ಟಿ ಪಟ್ಟಿಯಾಗಿ ಸೀಳಿ ಚೀಟಿ ಎತ್ತುತ್ತಿದ್ದರು. ಅಗಲ ಅಳೆಯಲು ಮರದ ನಾರಿನ ಚಪ್ಪಲಿ ಸಾಕಾಗುತ್ತಿತ್ತು, ಅಷ್ಟು ಕಿರಿದು. ಒಂದೇ ಮನೆಯ ಹೊಲ ಇಪ್ಪತ್ತು ಮೂವತ್ತು ಕಡೆ ಚದುರಿರುತ್ತಿತ್ತು. ಎಲ್ಲರೂ ಒಂದೇ ದಿನ ಉಳಬೇಕು, ಒಂದೇ ಬೆಳೆ ಹಾಕಬೇಕು, ಕೊಯ್ಲಾದ ಮೇಲೆ ಊರ ದನವೆಲ್ಲ ಅಲ್ಲಿ ಮೇಯಬೇಕು. ಮುಂದಿನ ಹಂಚಿಕೆಯಲ್ಲಿ ಬೇರೆಯವರಿಗೆ ಹೋಗಬಹುದಾದ ಹೊಲಕ್ಕೆ ಯಾರು ಗೊಬ್ಬರ ಹಾಕುತ್ತಾರೆ ಹೇಳಿ?

ಜನ ಬೆಳೆದರು, ಹೊಲ ಬೆಳೆಯಲಿಲ್ಲ. 1861ರಲ್ಲಿ ಒಂದು ಗಂಡು ತಲೆಗೆ ಸರಾಸರಿ 4.8 ದೆಸ್ಯಾತಿನ ಇದ್ದದ್ದು 1900ಕ್ಕೆ 2.6ಕ್ಕೆ ಇಳಿಯಿತು. ತಲೆಗೆ ಏಳು ಎಕರೆ ಇನ್ನೂ ಸಾಕಷ್ಟಾಯಿತಲ್ಲ ಅಂತ ನಮ್ಮ ಕಡೆಯವರಿಗೆ ಅನ್ನಿಸಬಹುದು. ಅಲ್ಲಿ ನೆಲ ಉಳುವುದಕ್ಕೆ ಸಿಗುವುದೇ ವರ್ಷದಲ್ಲಿ ಐದಾರು ತಿಂಗಳು. ಮೂರರಲ್ಲಿ ಒಂದು ಭಾಗವನ್ನು ಪ್ರತಿ ವರ್ಷ ಬೀಳು ಬಿಡಬೇಕು. ಮರದ ನೇಗಿಲು. ಒಂದು ಮೂಟೆ ರೈ ಧಾನ್ಯ ಬಿತ್ತಿದರೆ ನಾಲ್ಕೈದು ಮೂಟೆ ಬಂದರೆ ಪುಣ್ಯ, ಅದರಲ್ಲೇ ಮುಂದಿನ ಬೀಜಕ್ಕೂ ತೆಗೆದಿಡಬೇಕು.

ಇದೇ ಹೊತ್ತಿಗೆ ಸರ್ಕಾರಕ್ಕೆ ಕಾರ್ಖಾನೆ, ರೈಲು, ಚಿನ್ನ ಎಲ್ಲ ಬೇಕಾಗಿತ್ತು. ಹಣಕಾಸು ಮಂತ್ರಿ ವಿಶ್ನೆಗ್ರಾದ್ಸ್ಕಿ ಧಾನ್ಯದ ರಫ್ತು ಹೆಚ್ಚಿಸಿದ. ನಾವು ಅರೆಹೊಟ್ಟೆ ಇದ್ದರೂ ಸರಿ, ರಫ್ತು ಮಾಡೋಣ ಅಂದ ಅಂತ ಅವನ ಹೆಸರಿನಲ್ಲೊಂದು ಮಾತಿದೆ. ತೆರಿಗೆಯನ್ನು ಶರತ್ಕಾಲದಲ್ಲಿ, ಸುಗ್ಗಿ ಮುಗಿದ ಕೂಡಲೇ ವಸೂಲಿ ಮಾಡುತ್ತಿದ್ದರು. ಎಲ್ಲರೂ ಒಟ್ಟಿಗೆ ಮಾರಲು ನಿಂತಾಗ ಬೆಲೆ ಬೀಳುತ್ತದೆ, ವಸಂತಕ್ಕೆ ಮನೆ ಕಣಜ ಖಾಲಿ. 1891ರಲ್ಲಿ ವೋಲ್ಗಾ ಸೀಮೆಯಲ್ಲಿ ಮಳೆ ಕೈಕೊಟ್ಟಾಗ ಕೂಡಿಟ್ಟದ್ದು ಏನೂ ಇರಲಿಲ್ಲ. ಜನ ಲೆಬೆದಾ ಅನ್ನುವ ಕಳೆಯ ಬೀಜ ಬೆರೆಸಿ ರೊಟ್ಟಿ ಸುಟ್ಟರು. ಕಪ್ಪಗೆ, ಕಹಿಯಾಗಿ, ಹೊಟ್ಟೆ ಕೆಡಿಸುವ ರೊಟ್ಟಿ ಅದು. ಟಾಲ್‌ಸ್ಟಾಯ್ ರ್ಯಾಜಾನ್ ಸೀಮೆಯ ಬೆಗಿಚೆವ್ಕಾದಲ್ಲಿ ಕೂತು ಗಂಜಿ ಕೇಂದ್ರಗಳನ್ನು ನಡೆಸಿದ. ಹಸಿವು, ಕಾಲರಾ, ಟೈಫಸ್ ಸೇರಿ ಸುಮಾರು 4 ಲಕ್ಷ ಜನ ಸತ್ತರು.

ಮುಂದಿನ ಮಂತ್ರಿ ವಿಟ್ಟೆ ಇನ್ನೂ ವೇಗವಾಗಿ ಹೋದ. 1897ರಲ್ಲಿ ರೂಬಲನ್ನು ಚಿನ್ನಕ್ಕೆ ಕಟ್ಟಿದ, ಸೈಬೀರಿಯಾದ ಉದ್ದಕ್ಕೂ ರೈಲು ಹಾಕಿಸಿದ, ಫ್ರಾನ್ಸಿನಿಂದ ಸಾಲ ತಂದ. 1900ರ ಸುಮಾರಿಗೆ ಜಗತ್ತಿನ ತೈಲದಲ್ಲಿ ಹತ್ತಿರ ಹತ್ತಿರ ಅರ್ಧ ರಷ್ಯಾ ಸಾಮ್ರಾಜ್ಯದ ಬಾಕು ಪಟ್ಟಣದ ಕಡೆಯಿಂದ ಬರುತ್ತಿತ್ತು. ಇದಕ್ಕೆಲ್ಲ ದುಡ್ಡು ಎಲ್ಲಿಂದ? ಬಹುಪಾಲು ವೋಡ್ಕಾ, ಸಕ್ಕರೆ, ಚಹಾ, ಸೀಮೆಎಣ್ಣೆ, ಬೆಂಕಿಪೊಟ್ಟಣದ ಮೇಲಿನ ಸುಂಕದಿಂದ. 1897ರ ಗಣತಿಯ 12.5 ಕೋಟಿ ಜನರಲ್ಲಿ ನಾಲ್ಕರಲ್ಲಿ ಮೂರು ಭಾಗಕ್ಕಿಂತ ಹೆಚ್ಚು ರೈತ ವರ್ಗದವರೇ, ಅಂದ ಮೇಲೆ ಕೊಟ್ಟವರು ಯಾರು ಅಂತ ಹೇಳಬೇಕಾಗಿಲ್ಲ.

ಇಲ್ಲೊಂದು ಮಾತು ಸೇರಿಸಲೇಬೇಕು. ರೈತರು ವರ್ಷ ವರ್ಷ ಬಡವರಾಗುತ್ತಲೇ ಹೋದರು ಅನ್ನೋದನ್ನು ಈಗಿನ ಇತಿಹಾಸಕಾರರಲ್ಲಿ ಅನೇಕರು ಒಪ್ಪುವುದಿಲ್ಲ. ಚಹಾ ಸಕ್ಕರೆ ಬಳಕೆ ಹೆಚ್ಚಿತು, 1883ರಲ್ಲಿ ಶುರುವಾದ ರೈತರ ಭೂ ಬ್ಯಾಂಕಿನಿಂದ ಸಾಲ ಪಡೆದು ಎಷ್ಟೋ ಜನ ಜಮೀನು ಕೊಂಡರು. ನನಗೆ ಆ ವಾದದಲ್ಲಿ ಹುರುಳಿದೆ ಅನ್ನಿಸುತ್ತದೆ. ಆದರೆ ಅದರಿಂದ ದಂಗೆಯ ಕಾರಣ ಮಾಯ ಆಗುವುದಿಲ್ಲ. ದಂಗೆ ಜೋರಾಗಿ ಎದ್ದಿದ್ದು ಸರಾತೋವ್, ತಂಬೋವ್, ಕುರ್ಸ್ಕ್, ವೊರೊನೆಜ್ ಕಡೆ, ಫಲವತ್ತಾದ ಮಣ್ಣಿನ, ಒತ್ರೆಸ್ಕಿ ಜಾಸ್ತಿ ಕಚ್ಚಿಕೊಂಡಿದ್ದ ಸೀಮೆಗಳಲ್ಲಿ. ದಿನಾ ಬೆಳಗ್ಗೆ ಎದ್ದರೆ ಕಣ್ಣೆದುರಿಗೇ ತಾತನ ಹೊಲ, ಈಗ ಬೇರೆಯವರದು. ಬರೀ ಹೊಟ್ಟೆಪಾಡಿನ ಸಿಟ್ಟಾಗಿದ್ದರೆ ಸ್ವಲ್ಪ ಸಕ್ಕರೆ ಚಹಾದಿಂದ ತಣಿಯುತ್ತಿತ್ತೇನೋ.

1902ರಲ್ಲೇ ಪೊಲ್ತಾವಾ, ಖಾರ್ಕೋವ್ ಕಡೆ ಕಿಡಿ ಹತ್ತಿತ್ತು. 1905-06ರಲ್ಲಿ ಸುಮಾರು 3,000 ಜಮೀನ್ದಾರರ ಬಂಗಲೆಗಳು ನಾಶವಾದವು. ಇದನ್ನು ಗುಂಪಿನ ಹುಚ್ಚು ಅಂತ ಓದಬೇಡಿ. ಎಷ್ಟೋ ಕಡೆ ಊರ ಸಭೆಯಲ್ಲೇ ತೀರ್ಮಾನ ಆಗುತ್ತಿತ್ತು. ಯಾರೂ ತಪ್ಪಿಸಿಕೊಳ್ಳದ ಹಾಗೆ ಎಲ್ಲ ಮನೆಯವರೂ ಗಾಡಿ ಕಟ್ಟಿಕೊಂಡು ಬರಬೇಕು. ಧಾನ್ಯ, ದನ, ಮರಮುಟ್ಟು ಹೇರಿಕೊಂಡ ಮೇಲೆ ಬಂಗಲೆಗೆ ಬೆಂಕಿ, ಒಡೆಯ ವಾಪಸ್ ಬಂದು ನೆಲೆಸಬಾರದು ಅಂತ. 1905ರ ನವೆಂಬರ್‌ನಲ್ಲೇ ಸರ್ಕಾರ ಮಣಿಯಿತು: 1906ಕ್ಕೆ ಅರ್ಧ ಕಂತು, 1907ರ ಜನವರಿ 1ರಿಂದ ಪೂರ್ತಿ ಮಾಫಿ. 44 ವರ್ಷ ಬೇಡಿಕೊಂಡಾಗ ಸಿಗದ್ದು ಬೆಂಕಿ ಇಟ್ಟ ಕೆಲವೇ ವಾರದಲ್ಲಿ ಸಿಕ್ಕಿತು. ಹಳ್ಳಿಗಳು ಇದನ್ನು ಮರೆಯಲಿಲ್ಲ.

ಪ್ರಧಾನಮಂತ್ರಿ ಸ್ತೊಲಿಪಿನ್ 1906ರ ನವೆಂಬರ್ 9ರ ಆಜ್ಞೆಯಿಂದ ಮೀರ್ ಬಿಟ್ಟು ಹೊರಬರುವ ದಾರಿ ತೆರೆದ, ಚದುರಿದ ಪಟ್ಟಿಗಳನ್ನು ಒಂದೇ ತಾಕು ಮಾಡಿಕೊಡಲು ಮೋಜಣಿದಾರರನ್ನು ಕಳಿಸಿದ. 20 ಲಕ್ಷಕ್ಕೂ ಹೆಚ್ಚು ಕುಟುಂಬಗಳು ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡವು, ಲಕ್ಷಾಂತರ ಜನ ಸೈಬೀರಿಯಾಕ್ಕೆ ಹೋಗಿ ನೆಲೆಸಿದರು. ಯೋಚನೆಯಲ್ಲಿ ಬುದ್ಧಿವಂತಿಕೆ ಇತ್ತು. ಆದರೆ ಕುಲೀನರ ಜಮೀನನ್ನು ಅವನು ಮುಟ್ಟಲಿಲ್ಲ, ರೈತರು ಕೇಳುತ್ತಿದ್ದದ್ದು ಅದನ್ನೇ. 1911ರಲ್ಲಿ ಕೀವ್‌ನ ರಂಗಮಂದಿರದಲ್ಲಿ ಅವನಿಗೆ ಗುಂಡು ಬಿತ್ತು, ಮೂರು ವರ್ಷಕ್ಕೆ ಮಹಾಯುದ್ಧ ಬಂತು.

ಈಗ ನಿಮ್ಮ ಕೊನೆಯ ಪ್ರಶ್ನೆ, ಬೋಲ್ಶೆವಿಕರ ವಿಷಯ. 1905ರಲ್ಲಿ ಹಳ್ಳಿಗಳಲ್ಲಿ ಅವರ ಹೆಸರು ಕೇಳಿದವರೇ ಅಪರೂಪ. 1917ರ ಬೇಸಿಗೆಯಲ್ಲಿ ರೈತರು ಜಮೀನು ಹಿಡಿಯಲು ಹೊರಟಾಗಲೂ ಬೋಲ್ಶೆವಿಕರು ಪಟ್ಟಣದ ಪಕ್ಷವೇ, ಹಳ್ಳಿಗಳಲ್ಲಿ ಬೇರು ಬಿಟ್ಟಿದ್ದವರು ಸಮಾಜವಾದಿ ಕ್ರಾಂತಿಕಾರಿಗಳು ಎಂಬ ಇನ್ನೊಂದು ಪಕ್ಷದವರು. ಅಧಿಕಾರ ಹಿಡಿದ ಕೂಡಲೇ, ಅಕ್ಟೋಬರ್ 26ರ ರಾತ್ರಿ, ಬೋಲ್ಶೆವಿಕರ ನಾಯಕ ಲೆನಿನ್ ಓದಿದ ಭೂಮಿಯ ಆಜ್ಞೆಯ ಜತೆ ಒಂದು ಬೇಡಿಕೆ ಪಟ್ಟಿ ಇತ್ತು. ಊರೂರಿನಿಂದ ಬಂದ 242 ರೈತ ಮನವಿಗಳನ್ನು ಒಟ್ಟು ಮಾಡಿ ಆ ಆಗಸ್ಟ್‌ನಲ್ಲೇ ಅಚ್ಚಾಗಿದ್ದ ಪಟ್ಟಿ ಅದು. ಭೂಮಿಯ ಖಾಸಗಿ ಒಡೆತನ ರದ್ದು, ಕೂಲಿಯಾಳು ಇಟ್ಟು ಬೇಸಾಯ ಮಾಡಿಸುವಂತಿಲ್ಲ, ಉಳುವವರಿಗೆ ಸಮನಾಗಿ ಹಂಚಬೇಕು, ಆಗಾಗ ಮತ್ತೆ ಹಂಚಬೇಕು. ಇದು ಸಮಾಜವಾದಿ ಕ್ರಾಂತಿಕಾರಿಗಳದ್ದಲ್ಲವೇ ಅಂತ ಸಭೆಯಲ್ಲೇ ಕೂಗು ಎದ್ದಾಗ, ಇರಲಿ, ಯಾರು ಬರೆದರೆ ಏನು ಅಂದ ಲೆನಿನ್. ಮುಂದಿನ ತಿಂಗಳುಗಳಲ್ಲಿ ಹಳ್ಳಿಗಳು ಒಡೆಯರ ಹೊಲವನ್ನು ಹಂಚಿಕೊಂಡಿದ್ದಷ್ಟೇ ಅಲ್ಲ, ಸ್ತೊಲಿಪಿನ್ ಕಾಲದಲ್ಲಿ ಮೀರ್ ಬಿಟ್ಟು ಹೋದವರ ತಾಕುಗಳನ್ನೂ ಎಷ್ಟೋ ಕಡೆ ಎಳೆದುಕೊಂಡು ಮತ್ತೆ ಪಟ್ಟಿ ಪಟ್ಟಿಯಾಗಿ ಸೀಳಿದವು. ಇದನ್ನು ಅವರಿಗೆ ಯಾವ ಪಕ್ಷವೂ ಹೇಳಿಕೊಟ್ಟಿರಲಿಲ್ಲ.